ನಾನು ತೊಳೆದ ಮಂಜುಗಡ್ಡೆ

ನನ್ನ ಮಗಳು ಸುವರ್ಣ ಹುಟ್ಟುವಾಗಲೇ ಅವಳ ಹೃದಯದಲ್ಲಿ ಒಂದು ತೂತಿತ್ತು. ಅದು ನಮಗೆ ಗೊತ್ತಾಗಿದ್ದು ಅವಳಿಗೆ ಆರು ತುಂಬಿದ ಮೇಲೆ. ಏಳನೆಯ ವರ್ಷದಲ್ಲಿ ಆಪರೇಷನ್ ಆಯಿತು, ಅವಳು ಬದುಕಿದಳು. ಇಷ್ಟನ್ನು ಬಂಧುಬಳಗಕ್ಕೆಲ್ಲ ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೇಳದೆ ಒಳಗೇ ಇಟ್ಟುಕೊಂಡಿದ್ದು ಒಂದಿದೆ. ನನಗೀಗ ಎಂಬತ್ತು ದಾಟಿದೆ, ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ಸೋಲುತ್ತದೆ. ಆದರೂ ಬರೆಯುತ್ತೇನೆ. ಮಗುವನ್ನು ಆಪರೇಷನ್ ಕೋಣೆಯೊಳಗೆ ಕಳಿಸಿ ಹೊರಗೆ ಬೆಂಚಿನ ಮೇಲೆ ಕೂತಿರುವ ಯಾರಾದರೂ ಇದನ್ನು ಓದಲಿ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ದಾವಣಗೆರೆಯ ಒಂದು ಹತ್ತಿ ಕಾರ್ಖಾನೆಯಲ್ಲಿ ತೂಕದ ಗುಮಾಸ್ತನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮನೆ ಆನೆಕೊಂಡದಲ್ಲಿ. ಮನೆಯಲ್ಲಿ ನನ್ನ ಅವ್ವ, ಹೆಂಡತಿ ಗಂಗಮ್ಮ, ಸುವರ್ಣ, ನಾನು, ನಾಲ್ಕೇ ಜನ.

ಸುವರ್ಣನಿಗೆ ತಿಂಗಳಿಗೊಮ್ಮೆ ನೆಗಡಿ, ನೆಗಡಿಯ ಹಿಂದೆಯೇ ಎದೆಯಲ್ಲಿ ಗೊರಗೊರ ಸದ್ದು. ಉಂಡಿದ್ದು ಮೈಗೆ ಹತ್ತುತ್ತಿರಲಿಲ್ಲ. ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ಇವಳು ಕಟ್ಟೆಯ ಮೇಲೆ ಕೂತು ಯಾರು ಗೆರೆ ತುಳಿದರು ಎಂದು ನೋಡುವವಳು. ಅದನ್ನು ಅವಳ ಸ್ವಭಾವ ಎಂದುಕೊಂಡಿದ್ದೆವು. ಅವ್ವ ಮಾತ್ರ ನನ್ನನ್ನೇ ಬಯ್ಯುತ್ತಿದ್ದಳು.

"ನಿನ್ನ ಅಂಗಿ ಮ್ಯಾಲಿನ ಅರಳಿ ಧೂಳು ಕೂಸಿನ ಎದಿಗೆ ಕುಂತೈತಿ. ಹೊರಗ ಜಾಡಿಸಿ ಬಾರೋ ಅಂದ್ರ ಕಿವಿ ಇಲ್ಲೇನು ನಿನಗ?"

ನಾನು ಬಾಗಿಲ ಹೊರಗೆ ಅಂಗಿ ಬಿಚ್ಚಿ, ಜಾಡಿಸಿ ಒಳಗೆ ಬರುವುದನ್ನು ರೂಢಿ ಮಾಡಿಕೊಂಡೆ. ನೆಗಡಿ ನಿಲ್ಲಲಿಲ್ಲ.

ಅದು ಧೂಳಲ್ಲ ಎಂದು ಮೊದಲು ಕಂಡವಳು ಗಂಗಮ್ಮ. ಹರಿಹರದಲ್ಲಿ ಅವಳ ತವರುಮನೆಗೆ ಹೋಗಿದ್ದೆವು. ಹೊಳೆಯಲ್ಲಿ ಬಟ್ಟೆ ಒಗೆದು ಮೆಟ್ಟಿಲು ಹತ್ತಿ ಬರುವಾಗ ಸುವರ್ಣ ನಡುವೆಯೇ ಕೂತುಬಿಟ್ಟಳು. ಹಟ ಮಾಡುತ್ತಿದ್ದಾಳೆಂದು ನಾನು ಗದರಿದೆ. ನಮ್ಮಲ್ಲಿ ಹುಟ್ಟಿದ ಮಗುವಿಗೇ ಲಿಂಗ ಕಟ್ಟುತ್ತಾರೆ. ಅವಳ ಕೊರಳಿನ ದಾರದಲ್ಲಿ ಲಿಂಗವಿದ್ದ ಬೆಳ್ಳಿಯ ಸಣ್ಣ ಕರಡಿಗೆ ಎದೆಯ ಮೇಲೆ ತೂಗುತ್ತಿತ್ತು.

"ರೀ, ಬಯ್ಯಬ್ಯಾಡ್ರಿ. ಇಲ್ಲಿ ನೋಡ್ರಿ," ಎಂದಳು ಗಂಗಮ್ಮ. "ಕೂಸು ಸುಮ್ಮನೆ ಕುಂತೈತಿ. ಕರಡಿಗಿ ಕುಣಿಯಾಕತ್ತೈತಿ."

ನಿಜ. ಕರಡಿಗೆಯನ್ನು ಒಳಗಿನಿಂದ ಯಾರೋ ತಟ್ಟುತ್ತಿದ್ದಂತೆ ಅದು ಏಳುತ್ತಿತ್ತು, ಬೀಳುತ್ತಿತ್ತು.

ಪಿ.ಜೆ. ಬಡಾವಣೆಯ ವಯಸ್ಸಾದ ಡಾಕ್ಟರೊಬ್ಬರ ಬಳಿಗೆ ಹೋದೆವು. ಅವರು ಕೊಳವೆಯನ್ನು ಅವಳ ಎದೆಗಿಟ್ಟು ಬಹಳ ಹೊತ್ತು ಕೇಳಿದರು. ಆಚೆ ಬೀದಿಯಲ್ಲಿ ತರಕಾರಿಯವನು ಕೂಗುತ್ತಿದ್ದ. ಎದ್ದು ಕಿಟಕಿ ಮುಚ್ಚಿ ಬಂದು ಇನ್ನೊಮ್ಮೆ ಕೇಳಿದರು.

"ಇರಬಾರದ ಶಬ್ದ ಐತ್ರಿ ಯಜಮಾನ್ರೆ. ಇದು ನನ್ನ ಕೈಲಿ ಆಗೋದಲ್ಲ," ಎಂದು ಒಂದು ಕಾಗದ ಬರೆದುಕೊಟ್ಟರು. ಎರಡು ರೈಲು ಬದಲಿಸಿ ಹೋಗಬೇಕಾದ, ಸಮುದ್ರದ ದಡದ ಒಂದು ದೊಡ್ಡ ಊರಿನ ಆಸ್ಪತ್ರೆಗೆ. ಅದರ ಹೆಸರು ಬೇಡ. ಮುಂದೆ ನಡೆದದ್ದರಲ್ಲಿ ಅಲ್ಲಿನ ಡಾಕ್ಟರುಗಳ ತಪ್ಪೇನೂ ಇಲ್ಲ.

ಅವ್ವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. "ಎದಿ ಸೀಳ್ತಾರಂತ! ದೇವರು ಮುಚ್ಚಿ ಕಳಿಸಿದ್ದನ್ನ ಬಿಚ್ಚಾಕ ಇವರ್ಯಾರು?"

"ಮುಚ್ಚಿ ಕಳಿಸಿದ್ರೆ ನಾವ್ಯಾಕ ಹೋಗ್ತಿದ್ವಿ ಅತ್ತಿ?" ಎಂದಳು ಗಂಗಮ್ಮ. ಎಂದೂ ಎದುರು ಮಾತಾಡದವಳು ಅಂದು ಆಡಿದಳು. ಅವ್ವ ಆಮೇಲೆ ತಡೆಯಲಿಲ್ಲ. ಹೊರಡುವ ದಿನ ಮಾತ್ರ ನನ್ನ ಕೈ ಹಿಡಿದು ಹೇಳಿದಳು:

"ಅದು ಮೀನ ತಿನ್ನೋರ ಊರು. ಕೂಸಿನ ಬಾಯಿಗೆ, ಮೈಗೆ ಅಂಥಾದ್ದೇನೂ ಸೋಕಿಸಬ್ಯಾಡಪ್ಪ. ಲಿಂಗ ಕಟ್ಟಿದ ಮೈ ಅದು. ಮಾತು ಕೊಡು."

ಕೊಟ್ಟೆ. ಮೈಲಿಗೆ ಎಂಬುದೇ ಇಲ್ಲ ಎಂದು ನಮ್ಮ ಶರಣರು ಹೇಳಿದ್ದರು. ವಚನಗಳನ್ನು ನಾವು ಬಾಯಿಪಾಠ ಮಾಡಿದವರು, ಬೆಳಗ್ಗೆ ಹಾಡುವವರು. ಹಾಡಿ ಮುಗಿಸಿ, ಮಾಂಸ ತಿನ್ನುವವರ ಮನೆಯ ನೀರು ಬೇಡ ಎನ್ನುವವರೂ ನಾವೇ. ಆ ವಯಸ್ಸಿನಲ್ಲಿ ಇದು ನನಗೆ ವಿಚಿತ್ರ ಅನ್ನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಒಟ್ಟು ಐದು ವಾರ ಇದ್ದೆವು, ಅದರಲ್ಲಿ ಮೂರು ವಾರ ಬರೀ ಕಾಯುವುದು. ಉದ್ದನೆಯ ಪಡಸಾಲೆ, ಗೋಡೆಗೆ ಒತ್ತಿ ಬೆಂಚುಗಳು. ಕೆಲವು ಮಕ್ಕಳ ತುಟಿ, ಉಗುರು ನೀಲಿಗಟ್ಟಿದ್ದವು. ಅವರನ್ನು ನೋಡಿ ನಮ್ಮ ಮಗುವಿನದು ಅಷ್ಟಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ, ಮರುಗಳಿಗೆ ನನಗೇ ನಾಚಿಕೆಯಾಗುತ್ತಿತ್ತು. ಬೆಳಗ್ಗೆ ಪಕ್ಕದ ಬೆಂಚಿನಲ್ಲಿ ಇದ್ದವರು ಸಂಜೆ ಗಂಟು ಕಟ್ಟಿಕೊಂಡು ಮಗುವಿಲ್ಲದೆ ಹೊರಡುವುದನ್ನೂ ಕಂಡೆವು. ಭಾಷೆ ಬಾರದ ಒಬ್ಬ ತಾಯಿ ದಿನವೂ ಗಂಗಮ್ಮನ ಲೋಟಕ್ಕೆ ಮಜ್ಜಿಗೆ ಸುರಿದು ಹೋಗುತ್ತಿದ್ದಳು. ಇಬ್ಬರೂ ಒಂದು ಮಾತೂ ಆಡಿದವರಲ್ಲ.

ಚಿತ್ರದುರ್ಗದ ಕಡೆಯ ಒಬ್ಬ ನರ್ಸ್ ಇದ್ದದ್ದು ನಮ್ಮ ಪುಣ್ಯ. ಡಾಕ್ಟರು ಹೇಳಿದ್ದನ್ನು ಅವರೇ ನಮಗೆ ಕನ್ನಡದಲ್ಲಿ ತಿಳಿಸುತ್ತಿದ್ದರು.

"ತೂತು ಹೊಲಿಯೋವಾಗ ರಕ್ತ ಓಡಾಡೋದನ್ನ ಕೆಲವು ನಿಮಿಷ ನಿಲ್ಲಿಸ್ಬೇಕಣ್ಣ. ಅಷ್ಟು ಹೊತ್ತೂ ಮಿದುಳಿಗೆ ಉಪವಾಸ, ಹೃದಯದ ಮಾಂಸಕ್ಕೂ ಉಪವಾಸ. ಬೆಚ್ಚಗಿರೋ ಮೈ ಹಸಿವು ತಡಕೊಳ್ಳಲ್ಲ. ತಣ್ಣಗೆ ಮಾಡಿದ್ರೆ ತಡಕೊಳ್ಳುತ್ತೆ. ಅದಕ್ಕೇ ಮೊದಲು ಮಗೂನ ಐಸಿನ ತೊಟ್ಟೀಲಿ ಮಲಗಿಸ್ತಾರೆ."

"ಐಸಿನಾಗ?" ಗಂಗಮ್ಮ ಎದ್ದು ನಿಂತಳು. ಆರು ವರ್ಷ ಆ ಮಗುವಿನ ಕಿವಿಗೆ ಬಟ್ಟೆ ಕಟ್ಟದೆ ಅಂಗಳಕ್ಕೆ ಬಿಟ್ಟವಳಲ್ಲ ಅವಳು. "ಥಂಡಿಗೆ ಸಾಯಲ್ವೇನ್ರಿ ಸಿಸ್ಟರ್?"

"ನಿದ್ದೆ ಮಾಡಿಸಿದ ಮೇಲಮ್ಮ. ಅವಳಿಗೆ ಗೊತ್ತೇ ಆಗಲ್ಲ. ಆ ಥಂಡೀನೇ ಅವಳ ಹೃದಯ ಕಾಯೋದು."

ಆ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ಇದನ್ನು ಒತ್ತಿ ಬರೆಯುತ್ತೇನೆ. ಏನೂ ತಿಳಿಯದೆ ಮಾಡಿದೆ ಎಂದು ನಾನು ತಪ್ಪಿಸಿಕೊಳ್ಳುವಂತಿಲ್ಲ.

ಆಪರೇಷನ್ ದಿನ ಬೆಳಗ್ಗೆ ನರ್ಸ್ ಬಂದು, ಮೈಮೇಲೆ ಏನೂ ಇರಬಾರದು, ಕೊರಳಿನದನ್ನು ತೆಗೆಯಿರಿ ಎಂದರು. ಸುವರ್ಣ ತಾನೇ ದಾರವನ್ನು ತಲೆಯ ಮೇಲಿಂದ ತೆಗೆದು ನನ್ನ ಕೈಗೆ ಕೊಟ್ಟಳು. "ಅಪ್ಪಾಜಿ, ಕೆಳಗ ಇಡಬ್ಯಾಡ್ರಿ ಮತ್ತ." ನಾನು ಅದನ್ನು ನನ್ನ ಲಿಂಗದ ಜೊತೆಗೇ ಕೊರಳಿಗೆ ಹಾಕಿಕೊಂಡೆ.

ಬೇಸಿಗೆ ಆಗ. ಆಸ್ಪತ್ರೆಯ ಯಂತ್ರದಿಂದ ಬರುವ ಐಸು ತೊಟ್ಟಿಗೆ ಸಾಲುತ್ತಿರಲಿಲ್ಲ, ಹೊರಗಿನ ಕಾರ್ಖಾನೆಯಿಂದ ದೊಡ್ಡ ಗಡ್ಡೆಗಳನ್ನು ಕೈಗಾಡಿಯಲ್ಲಿ ತರುತ್ತಿದ್ದರು. ಗಾಡಿಗೆ ಇಬ್ಬರು ಆಳು. ಅವತ್ತು ಒಬ್ಬ ಬಂದಿರಲಿಲ್ಲ. ಇನ್ನೊಬ್ಬ, ಐವತ್ತರ ಆಸುಪಾಸಿನವನು, ಒಂಟಿಯಾಗಿ ಹೊರಟಿದ್ದ. ಬೆಂಚಿನ ಮೇಲೆ ಕೂರಲಾಗದೆ ಒದ್ದಾಡುತ್ತಿದ್ದ ನಾನು, ಹಿಂದಿನಿಂದ ತಳ್ಳುತ್ತೇನೆ ಎಂದೆ. ಅವನು ಹಿಂದೆ ಹುಬ್ಬಳ್ಳಿಯ ರೈಲು ಯಾರ್ಡಿನಲ್ಲಿ ಕೂಲಿ ಮಾಡಿದ್ದನಂತೆ, ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು.

"ನಿಮ್ದು ಮಗಳು?" ಎಂದು ದಾರಿಯಲ್ಲಿ ಕೇಳಿದ.

"ಹೌದು."

"ಚಿಂತಿ ಬ್ಯಾಡ. ನನ್ ಐಸ್ ಭಾಳ ಛಲೋ ಐಸ್. ಈ ವರ್ಷ ಎಲ್ಲಾ ಮಕ್ಕಳು ಎದ್ದು ಮನೀಗ್ ಹೋಗ್ಯಾವ." ಎಲ್ಲ ಮಕ್ಕಳೂ ಹೋಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೂ ನನಗೆ ಹಿತವಾಯಿತು.

ಕಾರ್ಖಾನೆಯ ಬಾಗಿಲಿನಲ್ಲಿ ನನ್ನ ಮೂಗಿಗೆ ವಾಸನೆ ಬಡಿಯಿತು. ಅಲ್ಲಿನ ಐಸು ಹೆಚ್ಚಾಗಿ ಹೋಗುತ್ತಿದ್ದದ್ದು ಮೀನಿನ ಬುಟ್ಟಿಗಳಿಗೆ. ಕಟ್ಟೆಯ ತುಂಬ ಮೀನು ಸೋರಿದ ನೀರು. ಅದರ ಮೇಲೆಯೇ ಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆದು ತಂದು ನಮ್ಮ ಗಾಡಿಗೆ ಹಾಕಿದರು, ಆರು ಗಡ್ಡೆ. ಮೇಲೆ ಹೊಟ್ಟು ಸುರಿದು ಗೋಣಿತಾಟು ಹೊದಿಸಿದರು. ಗೋಣಿಯ ಮೇಲೆ ಮೀನಿನ ಹುರುಪೆಗಳು ಬಿಸಿಲಿಗೆ ಮಿನುಗುತ್ತಿದ್ದವು.

ಗಾಡಿ ತಳ್ಳುತ್ತ ನನ್ನ ಮುಖ ಆ ಗೋಣಿಯಿಂದ ಒಂದು ಮೊಳ ದೂರದಲ್ಲಿತ್ತು. ಎದೆಯ ಮೇಲೆ ಎರಡು ಲಿಂಗ. ಅವ್ವನಿಗೆ ಕೊಟ್ಟ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಮಗಳನ್ನು ಬರಿಮೈಯಲ್ಲಿ ಇದರೊಳಗೆ ಮಲಗಿಸುತ್ತಾರೆ. ಮಾತು ತಪ್ಪಿದ್ದಕ್ಕೆ ಮಗುವಿಗೆ ಏನಾದರೂ ಆದರೆ? ರಸ್ತೆಯ ಬದಿ ಒಂದು ನಲ್ಲಿ ಕಾಣಿಸಿತು, ಅದರ ಕೆಳಗೆ ಯಾರದೋ ಡಬ್ಬ. "ನಿಲ್ಲಿಸು," ಎಂದೆ.

ಅವನು ನಿಲ್ಲಿಸಿದ, ನನಗೆ ಬಾಯಾರಿರಬೇಕು ಎಂದುಕೊಂಡು. ನಾನು ಗೋಣಿ ಎಳೆದು ಬಿಸಾಕಿದೆ. ಹೊಟ್ಟನ್ನು ಕೈಯಿಂದ ಗುಡಿಸಿ ಚೆಲ್ಲಿದೆ. ಡಬ್ಬದಲ್ಲಿ ನೀರು ಹಿಡಿದು ಗಡ್ಡೆಗಳ ಮೇಲೆ ಸುರಿಯತೊಡಗಿದೆ. ಬಿಸಿಲಿಗೆ ಕಾದ ಕೊಳವೆಯ ನೀರು, ಬಿಸಿ ಇತ್ತು. ಗಡ್ಡೆಗಳು ಚಟಚಟ ಸೀಳಿದವು.

"ಏ ಸಾಹೇಬ್ರ, ಬ್ಯಾಡ ಬ್ಯಾಡ! ಐಸ್ ಹೋಗ್ತದ! ಡಾಕ್ಟರ್ ನನಗ ಬಿಡಂಗಿಲ್ಲ!"

"ನನ್ನ ಮಗಳು. ನೀನು ಸುಮ್ನಿರು."

ಅವನು ನನ್ನ ಕೈ ಹಿಡಿಯಲು ಬಂದ. ನಾನು ಕೊಸರಿಕೊಂಡೆ. ಒಂದು ಗಡ್ಡೆಯ ಒಳಗೇ ಒಂದು ಹುರುಪೆ ಹೆಪ್ಪುಗಟ್ಟಿ ಕೂತಿತ್ತು, ಎಷ್ಟು ನೀರು ಸುರಿದರೂ ಅದಕ್ಕೆ ತಾಕುತ್ತಿರಲಿಲ್ಲ. ಆ ಗಡ್ಡೆಯನ್ನು ಇಡಿಯಾಗಿ ಕೆಳಕ್ಕೆ ತಳ್ಳಿಬಿಟ್ಟೆ. ಚೂರಾದ ಐಸಿಗೆ ದಾರಿಹೋಕರು ಮುಗಿಬಿದ್ದರು. ಪ್ರತಿ ಗಡ್ಡೆಗೂ ಮೂರು ಸಲ ನೀರು ಹಾಕಿದೆ. ಆಮೇಲೆ ಹೊದಿಕೆಯಿಲ್ಲದ ಗಾಡಿಯನ್ನು ಆ ಬಿಸಿಲಲ್ಲಿ ಓಡಿಸಿದೆವು. ಅವನು ಮುಂದೆ ಎಳೆಯುತ್ತ ತನ್ನ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಬಯ್ಗುಳವೋ ಪ್ರಾರ್ಥನೆಯೋ ತಿಳಿಯಲಿಲ್ಲ. ಗಾಡಿಯಿಂದ ದಾರಿಯುದ್ದಕ್ಕೂ ನೀರು ಸುರಿಯುತ್ತಿತ್ತು.

ಆಸ್ಪತ್ರೆ ಮುಟ್ಟಿದಾಗ ಮೂರು ಗಡ್ಡೆಗಳಷ್ಟೂ ಉಳಿದಿರಲಿಲ್ಲ.

ಒಳಗೆ ಸುವರ್ಣನಿಗೆ ಆಗಲೇ ನಿದ್ದೆ ಮಾಡಿಸಿದ್ದರು. ದೊಡ್ಡ ನರ್ಸ್ ಹೊರಗೆ ಬಂದು ಗಾಡಿ ನೋಡಿ ಅವನ ಮೇಲೆ ಕೂಗಾಡಿದರು. ಐಸಿನ ಆಳುಗಳು ದಾರಿಯಲ್ಲಿ ಅಂಗಡಿಗಳಿಗೆ ಐಸು ಮಾರಿಕೊಳ್ಳುತ್ತಾರೆ ಎಂಬ ಗುಮಾನಿ ಮೊದಲಿನಿಂದಲೂ ಇತ್ತಂತೆ. ಅವನು ಏನೋ ಹೇಳುತ್ತ ನನ್ನ ಕಡೆ ಕೈ ತೋರಿಸಿದ. ನಮ್ಮ ಕಡೆಯ ನರ್ಸ್ ನನ್ನನ್ನು ಕೇಳಿದರು: "ಅಣ್ಣ, ದಾರೀಲಿ ಇವನು ಎಲ್ಲಾದ್ರೂ ಗಾಡಿ ನಿಲ್ಲಿಸಿದ್ನಾ?"

"ನಿಲ್ಲಿಸಿದ," ಎಂದೆ.

"ಐಸು ಯಾರಿಗಾದ್ರೂ ಕೊಟ್ಟನಾ?"

"ಜನ ತಗೊಂಡರು."

ಇಷ್ಟೇ ನಾನು ಹೇಳಿದ್ದು. ನನ್ನತ್ತ ತೋರಿಸಿದ್ದ ಕೈಯನ್ನು ಅವನು ಇಳಿಸಿದ. ನನ್ನನ್ನು ನೋಡಿದನೋ ಇಲ್ಲವೋ ಗೊತ್ತಿಲ್ಲ, ನಾನು ನೆಲ ನೋಡುತ್ತಿದ್ದೆ.

ಇನ್ನೊಂದು ಗಾಡಿ ಕಳಿಸಿದರು, ಖಾಲಿ ಬಂತು. ಕಾರ್ಖಾನೆಯವರು ಉಳಿದ ಐಸನ್ನೆಲ್ಲ ಮೀನಿನ ಲಾರಿಗಳಿಗೆ ತುಂಬಿ ಕಳಿಸಿಬಿಟ್ಟಿದ್ದರು. ಅರಿವಳಿಕೆ ಕೊಟ್ಟ ಮಗುವನ್ನು ಹಾಗೇ ಎಬ್ಬಿಸಿ ಇನ್ನೊಂದು ದಿನ ಮಾಡೋಣವೇ, ಇದ್ದಷ್ಟರಲ್ಲಿ ಮುಂದುವರಿಯೋಣವೇ ಎಂದು ಒಳಗೆ ಚರ್ಚೆಯಾಯಿತಂತೆ. ಅವಳ ಎದೆ ಇನ್ನೊಂದು ಸಲ ಅರಿವಳಿಕೆ ತಡೆಯುವುದು ಕಷ್ಟ ಎಂದು ಮುಂದುವರಿದರು.

ಬೆಂಚಿನ ಮೇಲೆ ಗಂಗಮ್ಮನ ಪಕ್ಕದಲ್ಲಿ ಕೂತೆ. "ನಿಮ್ಮ ಕೈ ಯಾಕ ಇಷ್ಟು ತಣ್ಣಗ ಅದಾವ?" ಎಂದಳು. ಐಸು ಮುಟ್ಟಿದ್ದೆ ಎಂದೆ. "ಕೂಸಿಗೆ ನೀವಾ ತಂದ್ರಿ, ಛಲೋ ಆತು," ಎಂದು ಆ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಮಧ್ಯಾಹ್ನದವರೆಗೂ ಬಿಡಲಿಲ್ಲ. ಎಳೆದುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಡಾಕ್ಟರು ಹೊರಬಂದಾಗ ಅವರ ಮುಖ ಬಿಳಿಚಿತ್ತು. ನರ್ಸ್ ತಿಳಿಸಿದರು. "ತೂತು ಮುಚ್ಚಿದೆ. ಮಗು ಬದುಕಿದೆ. ಆದರೆ ಬೇಕಾದಷ್ಟು ತಣ್ಣಗಾಗಿರಲಿಲ್ಲ, ಕೈ ಅವಸರ ಮಾಡ್ಬೇಕಾಯ್ತು. ಹೃದಯ ಮತ್ತೆ ಸರಿಯಾಗಿ ಬಡಿಯೋಕೆ ಬಹಳ ಹೊತ್ತು ತಗೊಂಡಿತು. ಕೈಯಿಂದ ಒತ್ತಿ ಒತ್ತಿ ಬಡಿಸಿದ್ರು. ಅದರ ಮಾಂಸಕ್ಕೆ ಪೆಟ್ಟಾಗಿದೆ, ಎಷ್ಟು ಅಂತ ಈಗ್ಲೇ ಹೇಳೋಕಾಗಲ್ಲ." ಗಂಗಮ್ಮ ಮಗು ಬದುಕಿದೆ ಎಂಬುದನ್ನಷ್ಟೇ ಕೇಳಿಸಿಕೊಂಡು ಆ ನರ್ಸ್ ಕಾಲಿಗೆ ಬಿದ್ದಳು. ಉಳಿದದ್ದನ್ನು ಕೇಳಿಸಿಕೊಂಡವನು ನಾನು.

ಮರುವಾರ ಕೈಗಾಡಿ ಎಳೆಯುತ್ತಿದ್ದವನು ಬೇರೆ. ಹಳಬನನ್ನು ಕೆಲಸದಿಂದ ತೆಗೆದರಂತೆ ಎಂದು ನರ್ಸ್ ಹೇಳಿದರು. "ಕಳ್ಳ ಅಣ್ಣ ಅವನು. ಮಗುವಿನ ಜೀವದ ಜೊತೆ ಯಾಪಾರ ಮಾಡ್ದ." ನಾನು ಹೂಂ ಎಂದೆ. ಇನ್ನೂ ಒಂದು ವಾರ ಅಲ್ಲಿದ್ದೆವು. ಹೇಳಬೇಕೆಂದು ನರ್ಸ್ ಕೋಣೆಯವರೆಗೆ ಎರಡು ಸಲ ಹೋದೆ. ಹೇಳಿದರೆ ಸುವರ್ಣನ ಆರೈಕೆಯಲ್ಲಿ ಏನಾದರೂ ಕಡಿಮೆ ಮಾಡಿಯಾರು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅಂಥ ಜನರಲ್ಲ ಅವರು.

ಊರಿಗೆ ಬಂದಾಗ ಅವ್ವ ಬಾಗಿಲಲ್ಲೇ ಕೇಳಿದಳು: "ಕೂಸಿಗೆ ಏನೂ ಸೋಕಲಿಲ್ಲ ಹೌದಿಲ್ಲೋ?"

"ಇಲ್ಲವ್ವ."

ಅವಳು ಸಾಯುವವರೆಗೂ ಮೊಮ್ಮಗಳು ಉಳಿದದ್ದು ಆ ಮಾತಿನಿಂದಲೇ ಎಂದು ನಂಬಿದ್ದಳು.

ಸುವರ್ಣನ ನೆಗಡಿ ನಿಂತಿತು, ಮೈ ತುಂಬಿಕೊಂಡಿತು. ಆದರೆ ಹೃದಯ ದುರ್ಬಲವಾಗಿಯೇ ಉಳಿಯಿತು. ದಿನವೂ ಗುಳಿಗೆ. ಉಪ್ಪು ಕಡಿಮೆ. ಕಾಲು ಊದಿಕೊಂಡರೆ ಒಂದು ವಾರ ಹಾಸಿಗೆ. ಹೆರಿಗೆ ತಡೆಯುವ ಹೃದಯವಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಬಂದ ಎರಡು ಸಂಬಂಧಗಳೂ ಹಿಂದೆ ಹೋದವು. ಅವಳು ಟೀಚರ್ ಆದಳು, ಹರಿಹರದಲ್ಲಿ ಒಂದೇ ಅಂತಸ್ತಿನ ಶಾಲೆಯನ್ನು ಆರಿಸಿಕೊಂಡು. ಗಂಗಮ್ಮ ತೀರಿಕೊಂಡ ಮೇಲೆ ನಾನೂ ಅಲ್ಲಿಗೇ ಬಂದೆ. ಸುವರ್ಣ ಬಾವಿಯಿಂದ ಅಡುಗೆಮನೆಗೆ ಒಂದು ಕೊಡ ನೀರು ತರುವಾಗ ಎಲ್ಲೆಲ್ಲಿ ನಿಲ್ಲುತ್ತಾಳೆಂದು ನನಗೆ ಗೊತ್ತು. ಒಗೆಯುವ ಕಲ್ಲಿನ ಹತ್ತಿರ ಒಮ್ಮೆ, ಹೊಸ್ತಿಲಲ್ಲಿ ಒಮ್ಮೆ. ಆ ಎರಡು ನಿಲುಗಡೆಗಳನ್ನು ಇಪ್ಪತ್ತು ವರ್ಷ ನೋಡಿದ್ದೇನೆ.

ಈಚೆಗೆ ಅವಳನ್ನು ದಾವಣಗೆರೆಯಲ್ಲಿ ಹೊಸ ಡಾಕ್ಟರಿಗೆ ತೋರಿಸಿದಾಗ, ಅವಳು ಹೊರಗೆ ಹೋದ ಮೇಲೆ ಕೇಳಿದೆ. ಅಂದು ಐಸು ಕಡಿಮೆ ಬಿದ್ದದ್ದರಿಂದಲೇ ಹೀಗಾಯಿತೇ? ಹುಡುಗ ಡಾಕ್ಟರು, ಸೌಮ್ಯ ಸ್ವಭಾವ. "ಈಗ ಹೃದಯದೊಳಕ್ಕೇ ತಣ್ಣನೆ ಔಷಧಿ ಬಿಟ್ಟು ಮಲಗಿಸ್ತೀವಿ ತಾತ. ಆಗ ಅವರ ಹತ್ರ ಇದ್ದದ್ದೇ ಐಸು. ಕಡಿಮೆ ಬಿದ್ದಿದ್ರೆ ಪೆಟ್ಟಾಗಿರಬಹುದು. ಸಾಕಷ್ಟಿದ್ರೂ ಆಗಿರಬಹುದಿತ್ತು. ಯಾರೂ ಹೇಳೋಕಾಗಲ್ಲ." ನನ್ನ ಸಮಾಧಾನಕ್ಕೆಂದೇ ಹಾಗೆ ಹೇಳಿದರು. ತಪ್ಪಿನ ಭಾರದಿಂದ ನನಗೆ ಬಿಡುಗಡೆಯಾಗಲಿಲ್ಲ.

ಮರುದಿನ ಬೆಳಗ್ಗೆ ಸುವರ್ಣ ಅಂಗಳದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ, ನಲ್ಲಿಯ ನೀರಿನಿಂದ ಹಿಡಿದು "ನಿಲ್ಲಿಸಿದ" ಎಂದದ್ದರವರೆಗೆ. ಅವಳ ಕೈ ನಡುವೆ ಒಂದು ಸಲ ನಿಂತಿತು, ಮತ್ತೆ ಬಿಡಿಸತೊಡಗಿತು.

"ಅಂದ್ರ ನನ್ನ ಹೃದಯ ಕಾಯಬೇಕಿದ್ದ ಐಸಿಗೆ ನೀವು ಸ್ನಾನ ಮಾಡಿಸಿದ್ರಿ," ಎಂದಳು. ನಕ್ಕಳು ಅನ್ನಿಸಿತು, ಮುಖ ಬಗ್ಗಿತ್ತು.

"ನನ್ನ ಕ್ಷಮಿಸವ್ವ."

"ನೀವು ಅಂಜಿ ಮಾಡಿದ್ರಿ ಅಪ್ಪಾಜಿ. ಅಮ್ಮ ಕಿವಿಗೆ ಬಟ್ಟಿ ಕಟ್ಟಿದಂಗ. ಅದನ್ನ ನಾನು ತಪ್ಪಂತ ಹೆಂಗ ಹಿಡೀಲಿ?" ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. "ಆ ಗಾಡಿಯವರ ಹೆಸರೇನು?"

ನಾನು ನೆಲಕ್ಕೆ ಉದುರಿದ ಮೆಂತ್ಯದ ಎಲೆಗಳನ್ನು ಆರಿಸತೊಡಗಿದೆ.

"ಹೆಸರು ಕೇಳಲಿಲ್ಲೇನ್ರಿ?"

"ಇಲ್ಲ."

"ಮಕ್ಕಳಿದ್ವೇನು ಅವರಿಗೆ?"

"ಗೊತ್ತಿಲ್ಲ. ಅವನು ಕೇಳಿದ, ನಿಮ್ಮ ಮಗಳೇನು ಅಂತ. ನಾನು ಕೇಳಲಿಲ್ಲ."

"ನೋಡಾಕ ಹೆಂಗಿದ್ರು?"

ಬಹಳ ಯೋಚಿಸಿದೆ. ಹಿಂದಿನಿಂದ ಗಾಡಿ ತಳ್ಳಿದವನಿಗೆ ಮುಂದೆ ಎಳೆಯುವವನ ಬೆನ್ನಷ್ಟೇ ಕಾಣುತ್ತದೆ. ನೇರ ನೋಡಬೇಕಾದ ಒಂದು ಗಳಿಗೆ ಬಂದಾಗ ನಾನು ನೆಲ ನೋಡಿದ್ದೆ. ಅವನ ಬನಿಯನ್ನಿನ ಎಡ ಹೆಗಲಿನಲ್ಲಿ ಒಂದು ಹರುಕಿತ್ತು, ಅಷ್ಟನ್ನು ಹೇಳಿದೆ.

ಸುವರ್ಣ ಒಂದು ಕೈ ನೆಲಕ್ಕೂರಿ ನಿಧಾನವಾಗಿ ಎದ್ದು ಒಳಗೆ ಹೋದಳು. ಹೊಸ್ತಿಲಲ್ಲಿ ಉಸಿರು ತಿರುಗಿಸಿಕೊಳ್ಳಲು ನಿಂತಳು. ನನ್ನ ಕಡೆ ತಿರುಗದೆಯೇ ಅಂದಳು:

"ಹಂಗಾದ್ರ ನಾನು ಯಾರ ಹತ್ರ ಹೋಗಿ ಕೇಳಲಿ ಅಪ್ಪಾಜಿ, ನಮ್ಮಪ್ಪನ್ನ ಮಾಫ್ ಮಾಡ್ರಿ ಅಂತ?"